ಹುಣಸೆಹಣ್ಣಿನಲ್ಲಿ ತೊಳೆದ ಮೆಡಲು

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ದೇವರಿರಲಿಲ್ಲ, ದೇವರಿಗೆ ಬೇರೆ ಮೂಲೆಯಿತ್ತು. ಗೂಡಿನಲ್ಲಿದ್ದದ್ದು ನನ್ನ ಸೋದರತ್ತೆಯ ಗಂಡನ ಸಾಮಾನು. ಒಂದು ಬೆಳ್ಳಿಯ ಮೆಡಲು, ಕುದುರೆ ಸವಾರರು ಬೂಟಿನ ಹಿಮ್ಮಡಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳು, ಹೆಗಲಿಗೆ ಸಿಕ್ಕಿಸುವ ಹಿತ್ತಾಳೆಯ ಬಿಲ್ಲೆ, ಮೆಡಲಿನ ಜೊತೆಗೆ ಬಂದಿದ್ದ ಒಂದು ದಪ್ಪ ಕಾಗದ. ಅವರು ಮಹಾರಾಜರ ಕುದುರೆಪಡೆಯಲ್ಲಿದ್ದವರು. ಮೊದಲನೆಯ ಜರ್ಮನ್ ಯುದ್ಧಕ್ಕೆ ಹಡಗು ಹತ್ತಿ ಹೋದರು, ಮಿಸರ ದೇಶ ಅನ್ನುವ ಈಜಿಪ್ಟಿನಿಂದಾಚೆ ಎಲ್ಲೋ ಮರಳಿನಲ್ಲಿ ಉಳಿದುಬಿಟ್ಟರು. ಅದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಮಕ್ಕಳಿಲ್ಲದ ಅತ್ತೆಯನ್ನು ಗೌನಿಪಲ್ಲಿಯ ಗಂಡನ ಮನೆಯವರು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಅವಳು ಈ ಸಾಮಾನನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ದೇವರಾಯಸಮುದ್ರಕ್ಕೆ, ತನ್ನ ತಮ್ಮನಾದ ನಮ್ಮ ಅಪ್ಪನ ಮನೆಗೆ, ಬಂದಳು.

ಅತ್ತೆ ಅವರನ್ನು 'ಆಯನ' ಅನ್ನುತ್ತಿದ್ದಳು. ಗೌನಿಪಲ್ಲಿ ಕಡೆ ಮನೆಮಾತು ತೆಲುಗು, ಅಲ್ಲಿನ ಹೆಂಗಸರು ಗಂಡನನ್ನು 'ಅವರು' ಅನ್ನುವುದೇ ಹಾಗೆ. ಏಳೆಂಟು ವರ್ಷದವಳಾಗುವವರೆಗೆ ನಾನು ಅದೇ ಅವರ ಹೆಸರು ಅಂದುಕೊಂಡಿದ್ದೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದು ನಮ್ಮ ಕಡೆಯ ಎಲ್ಲ ಹೆಂಗಸರೂ ನಡೆಸಿಕೊಂಡು ಬಂದದ್ದೇ. ಆದರೆ ನಮ್ಮತ್ತೆಯದು ಸ್ವಲ್ಪ ಅತಿ. ಉಪ್ಪು ಮಾರಲು ಬರುತ್ತಿದ್ದವನಿಗೂ ಅದೇ ಹೆಸರಿತ್ತು. ಅವನು ಬಂದರೆ 'ಆಯನ ಹೆಸರಿನವನು ಬಂದವ್ನೆ, ಮೊರ ತಗೊಂಬಾ' ಅನ್ನುತ್ತಿದ್ದಳು. ಅದು ದೇವರ ಹೆಸರೂ ಆಗಿದ್ದರಿಂದ ಆ ದೇವರನ್ನು ಬರೀ 'ಸ್ವಾಮಿ' ಎಂದು ಕರೆದು ಕೈಮುಗಿಯುತ್ತಿದ್ದಳು. ಯಾವ ಸ್ವಾಮಿಯನ್ನು ಕರೆದದ್ದು ಎಂದು ದೇವರುಗಳೇ ತಮ್ಮೊಳಗೆ ತೀರ್ಮಾನ ಮಾಡಿಕೊಳ್ಳಬೇಕಾಗಿತ್ತು.

ಒಂದು ಸಂಗತಿಯನ್ನು ಮಾತ್ರ ಅವಳು ಆಗಾಗ ಹೇಳುತ್ತಿದ್ದಳು. ಗೌನಿಪಲ್ಲಿಯ ಮನೆಯ ಮುಂದೆ ಯಾರಾದರೂ ನಿಂತು ಗಂಡನ ಹೆಸರು ಹಿಡಿದು ಕೂಗಿದರೆ, ಒಳಗಿನಿಂದ 'ಉನ್ನಾರು' ಅನ್ನುವುದು ಅವಳ ಕೆಲಸವಾಗಿತ್ತಂತೆ. 'ಇದ್ದಾರೆ' ಅನ್ನುವುದಕ್ಕೆ ತೆಲುಗಿನ ಮಾತು ಅದು. ಯುದ್ಧ ಮುಗಿದು ಎಷ್ಟೋ ದಿನದ ಮೇಲೆ ಟಪಾಲಿನವನು ಮೆಡಲಿನ ಪೊಟ್ಟಣ ತಂದ. ಪೊಟ್ಟಣದ ಮೇಲೆ ಅವರ ಹೆಸರಿತ್ತು, ಅದನ್ನೇ ಕೂಗಿದ. ಅಭ್ಯಾಸಬಲದಿಂದ ಅತ್ತೆಯ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು, ಆದರೆ ಗಂಟಲಲ್ಲೇ ನಿಂತಿತು. ಕೊನೆಗೆ ಅವಳ ಮಾವ ಎದ್ದು ಹೋಗಿ ಪೊಟ್ಟಣ ತೆಗೆದುಕೊಂಡರು. ಇದನ್ನು ಹೇಳುವಾಗ ಅತ್ತೆ ಅಳುತ್ತಿರಲಿಲ್ಲ. ಉತ್ತರ ಕೊಡದೆ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿಬಿಟ್ಟವಳ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು.

ಆಯುಧಪೂಜೆ ಬಂತೆಂದರೆ ಗೂಡಿನ ಸಾಮಾನಿಗೆ ಹಬ್ಬ. ಅಪ್ಪನ ನೇಗಿಲು, ಕುಡುಗೋಲು, ಗುದ್ದಲಿಗಳ ಪಕ್ಕದಲ್ಲಿ ಮಣೆ ಹಾಕಿ ಇವನ್ನೂ ಇಡುತ್ತಿದ್ದರು. ಅದಕ್ಕೆ ಮುಂಚೆ ತೊಳೆಯುವುದು. ಅದು ಅತ್ತೆಯೊಬ್ಬಳ ಕೆಲಸ, ನಮ್ಮನ್ನು ಮುಟ್ಟಗೊಡುತ್ತಿರಲಿಲ್ಲ. ದೀಪದ ಕಂಬಗಳಿಗೆ ಮಾಡಿದ ಹಾಗೆಯೇ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ಬಾವಿಯ ನೀರು ಸುರಿಯುತ್ತಿದ್ದಳು. ಉಜ್ಜಿದ್ದು ಸಾಲದೆಂದು ಇನ್ನೊಂದು ಸಲ. ಆಮೇಲೆ ಎಲ್ಲದಕ್ಕೂ ಎಣ್ಣೆ, ಅರಿಸಿನ, ಕುಂಕುಮ. ಕಾಗದಕ್ಕೂ ಕುಂಕುಮ. ತೊಳೆಯಲು ಬರುವುದಿಲ್ಲವಲ್ಲ ಎಂದು ಕಾಗದಕ್ಕೆ ಒಂದು ಬೊಟ್ಟು ಹೆಚ್ಚೇ ಇಡುತ್ತಿದ್ದಳು.

ಎರಡನೆಯ ಯುದ್ಧವೂ ಮುಗಿದ ಮರುವರ್ಷ, ರಾಗಿ ಬಿತ್ತನೆ ಆಗಿದ್ದ ಹೊತ್ತಿಗೆ, ಊರಿನಲ್ಲಿ ತಮಟೆ ಬಡಿದು ಸಾರಿದರು. ಬೆಂಗಳೂರಿನ ದಂಡಿನಲ್ಲಿ ಒಂದು ಮ್ಯೂಸಿಯಂ ಮಾಡುತ್ತಾರೆ, ಹಿಂದಿನ ಯುದ್ಧಕ್ಕೆ ಹೋದವರ ಸಾಮಾನು, ಕಾಗದಪತ್ರ ಯಾರ ಮನೆಯಲ್ಲಿದ್ದರೂ ಮುಳಬಾಗಿಲಿನ ಮುಸಾಫಿರ್ ಬಂಗಲೆಗೆ ತಂದುಕೊಡಬಹುದು, ಕೊಟ್ಟದ್ದನ್ನು ಗಾಜಿನ ಬೀರುವಿನಲ್ಲಿಟ್ಟು ಅದು ಯಾರದೋ ಅವರ ಹೆಸರನ್ನು ಕೆಳಗೆ ಬರೆದಿಡುತ್ತಾರೆ ಎಂದು. ಸರ್ಕಾರಕ್ಕೆ ಕಡ್ಡಾಯವಾಗಿ ರಾಗಿಯ ಲೆವಿ ಅಳೆದು ಕೊಟ್ಟು ಬೇಸತ್ತಿದ್ದ ಊರಿಗೆ ಸರ್ಕಾರದ ಯಾವ ತಮಟೆಯೂ ಹಿತವಾಗಿರಲಿಲ್ಲ. ಈಗ ಬೆಳ್ಳಿಯ ಮೇಲೂ ಲೆವಿ ಬಂತು ನೋಡು ಎಂದು ಕೆಲವರು ಕಾಲುಂಗುರಗಳನ್ನೂ ಬಚ್ಚಿಟ್ಟರು.

ಅತ್ತೆ ಮಾತ್ರ ತಮಟೆಯ ಹಿಂದೆಯೇ ಬೀದಿಯ ಕೊನೆಯವರೆಗೆ ಹೋಗಿ ಇನ್ನೊಂದು ಸಲ ಕೇಳಿಸಿಕೊಂಡು ಬಂದಳು. 'ಕೊಟ್ಬಿಡ್ತೀನಿ' ಅಂದಳು. ನಮಗೆಲ್ಲ ಆಶ್ಚರ್ಯ. ಒಂದು ದಿನ ಮೆಡಲು ಕಾಣದಿದ್ದರೆ ಊಟ ಬಿಡುತ್ತಿದ್ದವಳು ಅವಳು. ಅವಳ ಲೆಕ್ಕ ಬೇರೆಯಿತ್ತು. ತನಗೆ ಐವತ್ತಾಗುತ್ತ ಬಂತು, ತಾನು ಹೋದ ಮೇಲೆ ಇದನ್ನು ತೊಳೆಯುವವರು ಯಾರು? ಮನೆಯಲ್ಲಿ ನನ್ನ ತಮ್ಮನೊಬ್ಬನಿದ್ದ, ನಾಳೆ ಅವನಿಗೆ ಮಗು ಹುಟ್ಟಿದರೆ ಈ ಬೆಳ್ಳಿ ಉಡಿದಾರವಾಗುತ್ತದೆ. ಅಲ್ಲಾದರೆ ಗಾಜಿನೊಳಗೆ, ಹೆಸರಿನ ಸಮೇತ, ಇದ್ದೇ ಇರುತ್ತಾರೆ. ಸಾಮಾನು ಇರುತ್ತದೆ ಅನ್ನಲಿಲ್ಲ ಅವಳು, ಇರುತ್ತಾರೆ ಅಂದಳು.

ಆಗ ನನಗೆ ಇಪ್ಪತ್ತು ದಾಟಿತ್ತು. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಓದಿದವಳು ಎಂಬ ಜಂಬ ಸಾಕಷ್ಟಿತ್ತು, ತಾಳ್ಮೆ ಅದರ ಕಾಲುಭಾಗವೂ ಇರಲಿಲ್ಲ. ಅತ್ತೆ, ಅಪ್ಪ, ನಾನು ಮೂವರೂ ಮುಳಬಾಗಿಲಿಗೆ ಹೋದೆವು.

ಬಂಗಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕುದುರೆಪಡೆಯ ರಿಸಾಲ್ದಾರರೊಬ್ಬರು ಕೂತಿದ್ದರು. ಬಿಳಿಯ ಗಡ್ಡ, ನೆಟ್ಟಗಿನ ಬೆನ್ನು. ಪಕ್ಕದಲ್ಲಿ ಒಬ್ಬ ಗುಮಾಸ್ತ. ರಿಸಾಲ್ದಾರರು ಮೆಡಲನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಅಷ್ಟು ಹೊಳೆಯುವ ಮೆಡಲನ್ನು ತಾವು ನೋಡಿಯೇ ಇಲ್ಲ ಅಂದಾಗ ಅತ್ತೆಯ ಮುಖ ಅರಳಿತು. ಆಮೇಲೆ ಅವರು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಸುತ್ತ ತಿರುಗಿಸಿದರು. ಭೂತಗನ್ನಡಿ ತರಿಸಿ ನೋಡಿದರು. ಪ್ರತಿಯೊಂದು ಮೆಡಲಿನ ಅಂಚಿನಲ್ಲೂ ಸಿಪಾಯಿಯ ಹೆಸರನ್ನು ಕೊರೆದಿರುತ್ತಾರೆ, ಇದರಲ್ಲಿ ಒಂದಕ್ಷರವೂ ಉಳಿದಿಲ್ಲ ಅಂದರು. ರಾಜನ ಮುಖವೂ ಸವೆದು ಕಣ್ಣು ಮೂಗು ಏನೂ ಇರಲಿಲ್ಲ. ಕಾಗದ ಬಿಡಿಸಿದರೆ ಅದು ಎಣ್ಣೆ ಕುಡಿದು, ಕುಂಕುಮ ಮೆತ್ತಿಕೊಂಡು, ಹೋಳಿಗೆ ಸುತ್ತಿಟ್ಟ ಬಾಳೆಲೆಯ ಹಾಗಾಗಿತ್ತು. ಹೆಸರಿದ್ದ ಜಾಗದಲ್ಲಿಯೇ ಎಲ್ಲಕ್ಕಿಂತ ದೊಡ್ಡ ಬೊಟ್ಟು.

ಇಷ್ಟು ವರ್ಷ ಭಕ್ತಿಯಿಂದ ತೊಳೆದು ತೊಳೆದು ಅತ್ತೆ ಗಂಡನ ಹೆಸರನ್ನು ತಾನೇ ಅಳಿಸಿಹಾಕಿದ್ದಳು. ಅದು ಅವಳಿಗೆ ಅರ್ಥವಾದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೇಜಿನ ಅಂಚು ಹಿಡಿದುಕೊಂಡಳು.

ಅದಕ್ಕೇನಂತೆ, ನಾನು ಹೇಳುತ್ತೇನೆ ಎಂದು ಬಾಯಿ ತೆರೆದೆ. ರಿಸಾಲ್ದಾರರು ಕೈಯೆತ್ತಿ ತಡೆದರು. ಅವರದೊಂದು ನಿಯಮವಿತ್ತು. ಬೇರೆ ಕಡೆ ಕೆಲವರು ಅಕ್ಕಸಾಲಿಗರ ಅಂಗಡಿಯಿಂದ ಯಾರದೋ ಮೆಡಲು ಕೊಂಡು ತಂದು ನಮ್ಮ ತಾತನದು ಎಂದು ಕೊಟ್ಟಿದ್ದರಂತೆ. ಅಂದಿನಿಂದ, ಹೆಸರು ಕಾಣದ ಸಾಮಾನಾದರೆ ತಾಯಿ, ಹೆಂಡತಿ, ಮಕ್ಕಳು ಇವರಲ್ಲೊಬ್ಬರು ತಾವೇ ಹೆಸರನ್ನೂ ಊರನ್ನೂ ತಿಳಿಸಬೇಕು, ಅದು ಪಡೆಯ ಹಳೆಯ ಹಾಜರಿಗೆ ತಾಳೆಯಾಗಬೇಕು. ಇಲ್ಲದಿದ್ದರೆ ಅದು ಹೆಸರಿಲ್ಲದವುಗಳ ಪೆಟ್ಟಿಗೆಗೆ. ಅವರು ಅತ್ತೆಯ ಕಡೆ ತಿರುಗಿ, 'ಅಮ್ಮಾ, ತಾವೇ ಹೇಳಬೇಕು' ಅಂದರು.

ಅತ್ತೆ ತುಟಿ ಬಿಗಿದುಕೊಂಡಳು. ಅಪ್ಪ ಬೇಡಿಕೊಂಡ, ನಾನು ಗದರಿಕೊಂಡೆ. ಗುಮಾಸ್ತನಿಗೆ ನಗು ಬಂದದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ರಿಸಾಲ್ದಾರರು ನಗಲಿಲ್ಲ. ತಾವು ಇಲ್ಲಿಂದ ಶ್ರೀನಿವಾಸಪುರಕ್ಕೆ, ಅಲ್ಲಿಂದ ಮಾಲೂರಿಗೆ ಹೋಗಿ, ಕಡೆಗೆ ಕೋಲಾರದಲ್ಲಿ ಕೂರುವುದಾಗಿ ಹೇಳಿದರು. ಅಲ್ಲಿಯ ಕೆಲಸ ಮುಗಿದರೆ ಪೆಟ್ಟಿಗೆಗಳೆಲ್ಲ ಬೆಂಗಳೂರಿಗೆ. ಅಷ್ಟರೊಳಗೆ ಮನಸ್ಸು ಬಂದರೆ ಕೋಲಾರಕ್ಕೆ ಬನ್ನಿ ಎಂದು ಸಾಮಾನನ್ನು ವಾಪಸು ಕೊಟ್ಟರು. ಎರಡು ಕೈಯಲ್ಲಿ ಹಿಡಿದು ಕೊಟ್ಟರು.

ಮನೆಗೆ ಬಂದು ಕಾಲು ತೊಳೆದ ಮೇಲೆ ಅಪ್ಪನೇ ಮೆತ್ತಗೆ ಮಾತು ತೆಗೆದ. 'ಅಕ್ಕ, ಹೋದೋರ ಆಯಸ್ಸು ಇನ್ನೆಲ್ಲಿಂದ ಕಮ್ಮಿ ಆಗ್ತದೆ?'

'ಆಯಸ್ಸಿನ ಮಾತಲ್ಲ ಕಣೋ' ಅಂದಳು ಅತ್ತೆ. 'ಬಳೆ ತೆಗೆಸಿದ್ರು. ಕುಂಕುಮ ಅಳಿಸಿದ್ರು. ಅವ್ರ ಮನೆ ಹೊಸ್ತಿಲೂ ಬಿಡಿಸಿದ್ರು. ನಾನು ಅವ್ರ ಹೆಂಡ್ತಿ ಅನ್ನೋದಕ್ಕೆ ಉಳಿದಿರೋದು ಹೆಸರು ಹೇಳ್ದಿರೋ ಇದೊಂದೇ. ಇದನ್ನ ಯಾರೂ ಕಿತ್ಕೊಳ್ಳೋಕೆ ಆಗಿಲ್ಲ. ಈಗ ನಾನೇ ಬಿಟ್ಕೊಡ್ಲಾ?'

ಅಪ್ಪ ತಲೆ ತಗ್ಗಿಸಿ ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂತ. ಬರೀ ಮೂಢನಂಬಿಕೆ ಎಂದು ನಾನು ಮುಳಬಾಗಿಲಿನ ದಾರಿಯುದ್ದಕ್ಕೂ ಗೊಣಗಿದ್ದೆ. ಅದು ಅವಳ ಆಸ್ತಿಯೆಂದು ನನಗೆ ಹೇಗೆ ಗೊತ್ತಾಗಬೇಕು?

ಮಾರನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ರಾತ್ರಿಯೆಲ್ಲ ಯೋಚನೆ ಮಾಡಿದ್ದಳೆಂದು ಕಾಣುತ್ತದೆ, ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಒಂದು ಕಿಲಾಡಿತನವಿತ್ತು.

'ಬಾಯಲ್ಲಿ ಹೇಳಬಾರ್ದು ಅಂದವ್ರೆ' ಅಂದಳು. 'ಕೈಲಿ ಬರೀಬಾರ್ದು ಅಂತ ಯಾರಾನ ಅಂದವ್ರೇನೇ?'

ಯಾರೂ ಅಂದಿರಲಿಲ್ಲ. ಬರೆಯಲು ಬರುವ ಹೆಂಗಸು ಒಬ್ಬಳಾದರೂ ಇದ್ದಿದ್ದರೆ ತಾನೇ ಹಿಂದಿನವರು ಅಂಥದೊಂದು ಕಟ್ಟಳೆ ಮಾಡುವುದು! ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳನ್ನು ಅಲ್ಲೇ ತಬ್ಬಿಕೊಂಡೆ. ಬಿಡೇ ಬಿಡೇ ಎಂದು ನನ್ನನ್ನು ತಳ್ಳಿ, ಇವತ್ತೇ ಶುರು ಮಾಡು ಅಂದಳು. ಇದೇ ಅತ್ತೆ, ಹಿಂದೆ ನಾನು ಓದು ಕಲಿಸುತ್ತೇನೆಂದರೆ, ಹೋಗೋ ಕಾಲಕ್ಕೆ ಓನಾಮ ಯಾಕೆ ಎಂದು ನನ್ನನ್ನು ಅಟ್ಟಿದ್ದವಳು.

ಮೊದಲು ಮೊರದಲ್ಲಿ ರಾಗಿಹಿಟ್ಟು ಹರಡಿ ಬೆರಳಿನಲ್ಲಿ ಬರೆಸಿದೆ. ಅಮ್ಮ ಹಿಟ್ಟು ದಂಡವಾಗುತ್ತದೆಂದು ಗೊಣಗಿದ್ದರಿಂದ ಜಗಲಿಗೆ ಮರಳು ತಂದೆವು. ಬೆರಳು ಪಳಗಿದ ಮೇಲೆ ಶಾಲೆಯದೊಂದು ಸ್ಲೇಟು, ಬಳಪ. ನಾನು ಕ್ರಮವಾಗಿ ವರ್ಣಮಾಲೆಯಿಂದಲೇ ಆರಂಭಿಸಬೇಕೆಂದು ಹಟ ಹಿಡಿದೆ, ಅದು ನನ್ನ ಮೇಷ್ಟ್ರಗಿರಿ. ಆಗ ಒಂದು ಹೊಸ ತೊಡಕು ಎದುರಾಯಿತು. ಅವರ ಹೆಸರಿನಲ್ಲಿ ಬರುವ ಅಕ್ಷರಗಳನ್ನು ಅತ್ತೆ ಬಿಡಿಬಿಡಿಯಾಗಿಯೂ ಹೇಳಲೊಲ್ಲಳು. ಸರಾಗವಾಗಿ ಹೇಳಿಕೊಂಡು ಬಂದವಳು ಅಂಥ ಅಕ್ಷರದ ಹತ್ತಿರ ಬಾಯಿ ಮುಚ್ಚಿ, ಅದನ್ನು ಬೆರಳಿನಿಂದ ತಟ್ಟಿ, ಮುಂದಿನದಕ್ಕೆ ಹೋಗುವಳು. ಅವಳ ವರ್ಣಮಾಲೆ ಹಲ್ಲುಬಿದ್ದ ಬಾಯಿಯಂತಾಯಿತು. ನನ್ನ ಶಾಲೆಯ ಹುಡುಗಿಯರಿಗೆ ಇದು ಗೊತ್ತಾಗಿ, ಜಗಲಿಯ ಮುಂದೆ ಹೋಗುವಾಗಲೆಲ್ಲ ಆ ಅಕ್ಷರಗಳನ್ನೇ ಆರಿಸಿ ಗಟ್ಟಿಯಾಗಿ ಕೂಗಿ ಓಡುತ್ತಿದ್ದರು. ಅತ್ತೆ ಬಯ್ಯುವಂತೆ ಬಯ್ದರೂ ಒಳಗೊಳಗೆ ಅವಳಿಗೆ ಅದು ಇಷ್ಟವಾಗಿತ್ತು ಎಂದು ನನ್ನ ಅನುಮಾನ.

ಒತ್ತಕ್ಷರ ಬಹಳ ಕಾಡಿತು. ಎಷ್ಟು ತಿದ್ದಿದರೂ ಅದು ತನ್ನ ಜಾಗದಲ್ಲಿ ಕೂರದೆ ಬಲಕ್ಕೆ ಜಾರಿಹೋಗುತ್ತಿತ್ತು. ನಾನು ಸಿಡುಕಿದೆ. 'ಆಯನ್ಗೂ ಮೊದ್ಮೊದ್ಲು ಕುದ್ರೆ ಮೇಲೆ ಕೂರೋಕೆ ಬರ್ತಿರ್ಲಿಲ್ಲ ಕಣೇ, ಹಿಂಗೇ ಜಾರ್ತಿದ್ರು' ಎಂದು ಅತ್ತೆ ನಕ್ಕಳು. ಅಲ್ಲಿಂದ ಕಥೆಗಳು ಶುರುವಾದವು. ಅವರು ಸೈನ್ಯಕ್ಕೆ ಸೇರಿದ್ದೇ ಕುದುರೆಯ ಆಸೆಗೆ. ರಜದಲ್ಲಿ ಬಂದಾಗ ಎಳೆ ಮಾವಿನಕಾಯಿಯನ್ನು ಉಪ್ಪು ಖಾರ ಹಚ್ಚಿ ತಿಂದು ಹಲ್ಲು ಚಳಿತು ಹೋಗಿ ಹಬ್ಬದೂಟ ಬಿಟ್ಟರು. ಕೆರೆಯ ನೀರು ಕಂಡರೆ ಹೆದರುತ್ತಿದ್ದವರು ಸಮುದ್ರ ದಾಟಿದ್ದು ಹೇಗೋ ದೇವರೇ ಬಲ್ಲ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಬರೀ ಒಂದು ಮೆಡಲಾಗಿದ್ದ ಮನುಷ್ಯನಿಗೆ ಹಲ್ಲು, ಭಯ, ನಗು ಎಲ್ಲ ಬಂದವು. ಅಕ್ಷರ ಒಂದು ಸಾಲು, ಮಾತು ನಾಲ್ಕು ಸಾಲು. ಹೀಗೆ ನಮ್ಮ ಪಾಠ ನಡೆಯಿತು.

ರಿಸಾಲ್ದಾರರು ಕೋಲಾರಕ್ಕೆ ಬಂದಿದ್ದಾರೆಂದು ಸುದ್ದಿ ಬಂದಾಗ ಅಪ್ಪ ಹೊರಡುವಂತಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗಿದ್ದವು, ಅವುಗಳನ್ನು ಆರಿಸಿ ಚಂದ್ರಿಕೆಯ ಬಿದಿರುತಟ್ಟಿಗೆ ಬಿಡದಿದ್ದರೆ ಬೆಳೆಯೆಲ್ಲ ಹಾಳು. ನಾವಿಬ್ಬರೇ ಬಸ್ಸು ಹತ್ತಿದೆವು. ಅದು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು, ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ಅತ್ತೆ ಸಾಮಾನಿನ ಗಂಟನ್ನು ನನ್ನ ಕೈಗೆ ಕೊಟ್ಟು ಸ್ಲೇಟನ್ನು ಮಾತ್ರ ತನ್ನ ಕಂಕುಳಲ್ಲೇ ಇಟ್ಟುಕೊಂಡಿದ್ದಳು. ಇಳಿದು ನಡೆಯುವಾಗ ಒಬ್ಬರು, ಏನಮ್ಮ ಈ ವಯಸ್ಸಿನಲ್ಲಿ ಸ್ಕೂಲಿಗೆ ಹೊರಟೆಯಾ ಎಂದು ಕೇಳಿದರು. ಹೂಂ, ಪರೀಕ್ಷೆಗೆ ಎಂದಳು ಅತ್ತೆ.

ಕೋಲಾರದ ಬಂಗಲೆಯ ಪಡಸಾಲೆಯಲ್ಲಿ ಜನ ಹೆಚ್ಚಿರಲಿಲ್ಲ. ಪೆಟ್ಟಿಗೆಗಳಿಗೆ ಆಗಲೇ ಹಗ್ಗ ಬಿಗಿಯುತ್ತಿದ್ದರು. ರಿಸಾಲ್ದಾರರು ನಮ್ಮ ಗುರುತು ಹಿಡಿದು ಕುರ್ಚಿ ಹಾಕಿಸಿದರು. ಬಾಯಲ್ಲಿ ಹೇಳುವುದಿಲ್ಲ, ಬರೆಯುತ್ತಾಳೆ, ನಿಮ್ಮ ನಿಯಮಕ್ಕೆ ಆಗುತ್ತದೆಯೇ ಎಂದು ನಾನು ಕೇಳಿದೆ. ಇವರು ಒಲ್ಲೆ ಎಂದರೆ ಅತ್ತೆಗೆ ಇನ್ನೊಂದು ದಾರಿ ಇರಲಿಲ್ಲ. ಅವರು ಗಡ್ಡ ನೀವಿಕೊಂಡರು. ಹೆಂಡತಿಯೇ ತಿಳಿಸಬೇಕು ಎಂದಿದೆ, ಹೇಗೆ ತಿಳಿಸಬೇಕು ಎಂದಿಲ್ಲ ಅಂದರು. ನಿಯಮದ ಸಂದು ಹುಡುಕುವುದರಲ್ಲಿ ಅವರೂ ಅತ್ತೆಯೂ ಒಂದೇ ಶಾಲೆಯವರು.

ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತು ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡಳು. ಮೊದಲನೆಯ ಅಕ್ಷರಕ್ಕೇ ಬಳಪ ಮುರಿಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅವಳು ತಳ್ಳಿದಳು. ಉಳಿದ ತುಂಡಿನಲ್ಲೇ ಬರೆದಳು. ಒತ್ತಕ್ಷರ ಬಂತು. ಅದು ಸ್ವಲ್ಪ ಜಾರಿತು, ಆದರೆ ಬೀಳಲಿಲ್ಲ. ಹೆಸರಿನ ಕೆಳಗೆ ಗೌನಿಪಲ್ಲಿ ಎಂದೂ ಬರೆದು, ಸ್ಲೇಟನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟಳು.

ರಿಸಾಲ್ದಾರರು ಅದನ್ನು ತೆಗೆದುಕೊಂಡು ಎದ್ದು ನಿಂತರು. ಗುಮಾಸ್ತ ಬರೆದುಕೊಳ್ಳಲಿ ಎಂದೋ, ಕವಾಯತು ಮೈದಾನದ ಹಳೆಯ ಅಭ್ಯಾಸವೋ, ಅವರು ಸಿಪಾಯಿಗಳ ಹಾಜರಿ ಕರೆಯುವ ಗಂಟಲಿನಲ್ಲಿ ಆ ಹೆಸರನ್ನು ಕೂಗಿದರು. ಪೂರ್ತಿ ಹೆಸರು. ಹಗ್ಗ ಬಿಗಿಯುತ್ತಿದ್ದವರು ಕೈ ನಿಲ್ಲಿಸಿದರು. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಯಾವತ್ತೂ ಅಷ್ಟು ಗಟ್ಟಿಯಾಗಿ ಕರೆದಿರಲಿಲ್ಲ.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

'ಉನ್ನಾರು' ಅಂದಳು.

ಮೆಲ್ಲಗೇನೂ ಅಲ್ಲ, ಒಳಮನೆಯಿಂದ ಬೀದಿಗೆ ಕೇಳುವಷ್ಟು. ಏನಂದರು ಎಂದು ಗುಮಾಸ್ತ ತಲೆಯೆತ್ತಿದ. ರಿಸಾಲ್ದಾರರಿಗೆ ತೆಲುಗು ಬರುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಹಾಜರಿಗೆ ಉತ್ತರ ಬಂದಾಗ ಅದನ್ನು ಗುರುತಿಸದಷ್ಟು ದಡ್ಡರಂತೂ ಅವರಲ್ಲ. ಬರೆದುಕೋ ಎಂದಷ್ಟೇ ಹೇಳಿದರು. ಹಳೆಯ ಹಾಜರಿಗೆ ಹೆಸರೂ ಊರೂ ತಾಳೆಯಾದವು. ನಾನು ಕಂಬದ ಕಡೆ ತಿರುಗಿಕೊಂಡು ಅತ್ತುಬಿಟ್ಟೆ. ಅಳಬೇಕಾದವಳು ಅಳದೆ ಪಕ್ಕದ ಕೊಡದಿಂದ ನೀರು ಕೇಳಿ ಕುಡಿದಳು.

ಕೆಲವು ವರ್ಷಗಳ ಮೇಲೆ ನಾನು ಬೆಂಗಳೂರಿಗೆ ಹೋದಾಗ ಆ ಮ್ಯೂಸಿಯಂ ನೋಡಿಬಂದೆ. ಕಪ್ಪಗಾದ ಮೆಡಲುಗಳ ನಡುವೆ ಒಂದೇ ಒಂದು ಮೆಡಲು ಮುಖವಿಲ್ಲದ ರಾಜನನ್ನಿಟ್ಟುಕೊಂಡು ಥಳಥಳ ಹೊಳೆಯುತ್ತಿತ್ತು. ಕೆಳಗಿನ ಚೀಟಿಯಲ್ಲಿ ಹೆಸರು ಸರಿಯಾಗಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ಅತ್ತೆಯದು, ಅವಳು ಬರೆದಾಗಿದೆ.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಕೋಲಾರದಿಂದ ವಾಪಸಾದ ಮೇಲಿನ ಆಯುಧಪೂಜೆ. ಸ್ಲೇಟು ಶಾಲೆಯದು, ಇನ್‌ಸ್ಪೆಕ್ಟರು ಬಂದು ಕೇಳಿದರೆ ನಾನು ಜವಾಬು ಹೇಳಬೇಕು. ಬಸ್ಸಿನಲ್ಲೇ ನಾನು ಅದನ್ನು ಒರೆಸಲು ಸೆರಗು ಎತ್ತಿದಾಗ ಅತ್ತೆ ನನ್ನ ಕೈಗೆ ಚಟೀರೆಂದು ಹೊಡೆದು ಕಿತ್ತುಕೊಂಡಿದ್ದಳು. ಹಬ್ಬದ ದಿನ ನೋಡಿದರೆ ಖಾಲಿಯಾಗಿದ್ದ ಗೂಡಿನಲ್ಲಿ, ಅವಳು ಬರೆದ ಹೆಸರಿನ ಸಮೇತ, ಸ್ಲೇಟು ನಿಂತಿತ್ತು. ಚೌಕಟ್ಟಿನ ಮರಕ್ಕೆ ಮಾತ್ರ ಅರಿಸಿನ, ಕುಂಕುಮ, ಒಂದು ಚೆಂಡುಹೂವು. ಬಾವಿಯ ಕಟ್ಟೆಯ ಮೇಲೆ ಅಮ್ಮ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚುತ್ತ, ಗೂಡಿನ ಸಾಮಾನು ತೊಳೆಯುವುದಿದ್ದರೆ ತನ್ನಿ ಎಂದು ಮರೆತು ಕೂಗಿದಳು.

ಅತ್ತೆ ಗೂಡಿಗೆ ಅಡ್ಡ ನಿಂತುಕೊಂಡು ನನ್ನ ಮುಖ ನೋಡಿದಳು.

'ಈ ಸಲ ತೊಳೆಯೋದು ಬೇಡ ಕಣೇ' ಅಂದಳು.